ಮೊದಲು ತನ್ನನ್ನೇ ಕತ್ತರಿಸಿಕೊಳ್ಳುವ ಕತ್ತರಿ

ಪುಣೆ ಪಕ್ಕದ ಪಿಂಪ್ರಿಯ ಹಳೇ ಕನ್ನಡಿಗರ ಹತ್ತಿರ 'ಎಚ್‌ಎ' ಅಂದರೆ ಸಾಕು, ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಅಂತ ಬಿಡಿಸಿ ಹೇಳಬೇಕಿಲ್ಲ. 1954ರಲ್ಲಿ ಸರ್ಕಾರ ಕಟ್ಟಿದ ಕಾರ್ಖಾನೆ ಅದು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ನೆರವು ಕೊಟ್ಟಿದ್ದವು. ಮರುವರ್ಷವೇ ಪೆನಿಸಿಲಿನ್ ತಯಾರಿ ಶುರುವಾಯಿತು. ಮುಂದೆ ಅಲ್ಲಿನ ತಿರುಮಲಾಚಾರ್ ಮತ್ತು ಸಂಗಡಿಗರು ಹ್ಯಾಮೈಸಿನ್ ಎಂಬ ಹೊಸ ಔಷಧ ಕಂಡುಹಿಡಿದರು. ಅದನ್ನು ಕೊಟ್ಟ ಬ್ಯಾಕ್ಟೀರಿಯಾಗೆ ಊರಿನ ಹೆಸರೇ ಸಿಕ್ಕಿತು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ.

ಪೆನಿಸಿಲಿನ್ ಕಥೆಯನ್ನು ಎಲ್ಲರೂ ಫ್ಲೆಮಿಂಗ್‌ನ ಬೂಷ್ಟಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಅದಾದ ಮೇಲಿನದೇ ಜಾಸ್ತಿ ಇಷ್ಟ. ಬೂಷ್ಟು ಕೊಡುವ ಪೆನಿಸಿಲಿನ್ ಜಿ ಹೊಟ್ಟೆಯ ಆಸಿಡ್‌ನಲ್ಲಿ ಹಾಳಾಗುತ್ತದೆ, ಹಾಗಾಗಿ ಸೂಜಿಯೇ ಗತಿ. ಎಲ್ಲ ರೋಗಾಣುಗಳ ಮೇಲೂ ಅದರ ಆಟ ನಡೆಯುವುದಿಲ್ಲ. ಪೆನಿಸಿಲಿನ್ ಅಣುವಿಗೆ ಒಂದು ತಿರುಳು, ಅದಕ್ಕಂಟಿಕೊಂಡ ಒಂದು ಬಾಲ. 1959ರಲ್ಲಿ ಇಂಗ್ಲೆಂಡಿನ ಬೀಚಮ್ ಕಂಪನಿಯವರು ಆ ತಿರುಳನ್ನು ಬೇರೆ ಮಾಡಿರುವುದಾಗಿ ಪ್ರಕಟಿಸಿದರು. ಹೆಸರು 6-ಎಪಿಎ. ಈ ತಿರುಳಿಗೆ ಬೇರೆ ಬಾಲ ಅಂಟಿಸಿದರೆ ಆಂಪಿಸಿಲಿನ್, ಇನ್ನೊಂದು ಅಂಟಿಸಿದರೆ ಅಮಾಕ್ಸಿಸಿಲಿನ್.

ಆದರೆ ಹಳೇ ಬಾಲ ಕತ್ತರಿಸುವುದು ಸುಲಭವಲ್ಲ. ತಿರುಳಿನಲ್ಲಿ ನಾಲ್ಕು ಮೂಲೆಯ ಒಂದು ಉಂಗುರವಿದೆ. ಔಷಧದ ಶಕ್ತಿಯೆಲ್ಲ ಅದರಲ್ಲೇ. ಬಿಗಿಯಾಗಿ ಬಗ್ಗಿಸಿಟ್ಟ ಬೆತ್ತದಂತೆ, ಸ್ವಲ್ಪ ಮುಟ್ಟಿದರೂ ಪಟ್ಟನೆ ಬಿಚ್ಚಿಕೊಳ್ಳುತ್ತದೆ. ಬಾಲದ ಕೊಂಡಿಯೋ ಗಟ್ಟಿ. ಕ್ಷಾರ ಹಾಕಿದರೆ ಬಾಲ ಉಳಿದು ಉಂಗುರವೇ ಒಡೆಯುತ್ತದೆ! ರಸಾಯನದ ದಾರಿಗೆ ಮೈನಸ್ 40 ಡಿಗ್ರಿ ಹತ್ತಿರದ ಚಳಿ, ಫಾಸ್ಫರಸ್ ಪೆಂಟಾಕ್ಲೋರೈಡ್‌ನಂಥ ಘಾಟು ವಸ್ತು ಬೇಕು.

ಇದೇ ಕೆಲಸವನ್ನು ಇ. ಕೋಲಿ ಬ್ಯಾಕ್ಟೀರಿಯಾದ ಪೆನಿಸಿಲಿನ್ ಅಸೈಲೇಸ್ ಎಂಬ ಕಿಣ್ವ ಬರೀ ನೀರಿನಲ್ಲಿ, ನಮ್ಮ ಮೈಬಿಸಿಯಷ್ಟು ಶಾಖದಲ್ಲಿ ಮಾಡುತ್ತದೆ. ಹೇಗೆ ಎಂಬುದು ಸ್ಪಷ್ಟವಾಗಿದ್ದು 1995ರಲ್ಲಿ, ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ರಚನೆ ಬಿಡಿಸಿದಾಗ. ಕಿಣ್ವದಲ್ಲೊಂದು ಕುಳಿ. ಬಾಲ ಅಲ್ಲಿ ಸರಿಯಾಗಿ ಕೂರುತ್ತದೆ, ಆಗ ಗಟ್ಟಿ ಕೊಂಡಿ ಕಿಣ್ವದ ಸೀರೀನ್ ಎಂಬ ಅಮೈನೋ ಆಮ್ಲದ ಎದುರಿಗೇ ಬರುತ್ತದೆ. ಸೀರೀನ್ ಕೊಂಡಿಯನ್ನು ಮುರಿದು ಬಾಲವನ್ನು ತಾನು ಹಿಡಿದುಕೊಳ್ಳುತ್ತದೆ, ತಿರುಳು ಜಾರಿ ಹೋಗುತ್ತದೆ. ಆಮೇಲೆ ನೀರು ಬಂದು ಬಾಲವನ್ನೂ ಬಿಡಿಸುತ್ತದೆ. ಉಂಗುರಕ್ಕೆ ಏಟೇ ಬೀಳುವುದಿಲ್ಲ.

ತಮಾಷೆ ಏನೆಂದರೆ, ಈ ಕತ್ತರಿ ಹುಟ್ಟುವಾಗ ಮೊಂಡು. ಒಂದೇ ಉದ್ದ ಸರಪಳಿಯಾಗಿ ಹುಟ್ಟಿ, ತನ್ನನ್ನೇ ಕತ್ತರಿಸಿಕೊಂಡು ನಡುವಿನ 54 ಅಮೈನೋ ಆಮ್ಲಗಳ ತುಂಡನ್ನು ಕಳಚಿಹಾಕುತ್ತದೆ. ಆಗಲೇ ಆ ಸೀರೀನ್ ತುದಿಗೆ ಬಂದು ಅಲಗಾಗುವುದು.

ಪುಣೆಯ ಪಾಲೂ ಇಲ್ಲಿದೆ. ಪಾಷಾಣ್ ಕಡೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು (ಎನ್‌ಸಿಎಲ್) ಯಾರ್ಕ್ ಜೊತೆ ಸೇರಿ 1999ರಲ್ಲಿ ಇನ್ನೊಂದು ಕತ್ತರಿಯ ರಚನೆ ಪ್ರಕಟಿಸಿದರು: ಪೆನಿಸಿಲಿನ್ ವಿ ಎಂಬ ಇನ್ನೊಂದು ಬಗೆಯ ಪೆನಿಸಿಲಿನ್ ಕತ್ತರಿಸುವ ಪೆನಿಸಿಲಿನ್ ವಿ ಅಸೈಲೇಸ್, ಬ್ಯಾಸಿಲಸ್ ಸ್ಫೆರಿಕಸ್ ಎಂಬ ಬ್ಯಾಕ್ಟೀರಿಯಾದ್ದು. ಇಲ್ಲಿ ಅಲಗು ಸೀರೀನ್ ಅಲ್ಲ, ಸಿಸ್ಟೀನ್. ಅದರ ದಾಯಾದಿ ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ. ಅಲ್ಲಿ ಅದು ಪೆನಿಸಿಲಿನ್ ಗೊಡವೆಗೇ ಹೋಗದೆ, ಸುಮ್ನೆ ನಮ್ಮ ಪಿತ್ತದ ಲವಣಗಳನ್ನು ಕತ್ತರಿಸುತ್ತಾ ಕೂತಿರುತ್ತದೆ.