ಓದುಗರ ಪ್ರಶ್ನೆ: ಸಾಕಿದ ಹಾವು ಕಾರಿನೊಳಗೇ ಕಾಣೆಯಾಗಿದೆ, ಹುಡುಕುವುದು ಹೇಗೆ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇವೆ. ಹತ್ತು ವರ್ಷದ ಮಗ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವೊಂದನ್ನು ಸಾಕಿದ್ದಾನೆ, ಸುಮಾರು ಎರಡೂವರೆ ಅಡಿ ಉದ್ದವಿದೆ. ಮೊನ್ನೆ ಪಶುವೈದ್ಯರಲ್ಲಿಂದ ಮರಳುವಾಗ ಬಟ್ಟೆ ಚೀಲದ ಗಂಟು ಸಡಿಲಾಗಿ ಹಾವು ಕಾರಿನೊಳಗೇ ತಪ್ಪಿಸಿಕೊಂಡಿತು. ಎರಡು ದಿನ ಜಾಲಾಡಿದರೂ ಸಿಕ್ಕಿಲ್ಲ. ಈಗ ಇಲ್ಲಿ ರಾತ್ರಿ ಚಳಿಯಿದೆ. ಮಗ ಸರಿಯಾಗಿ ಊಟ ಮಾಡುತ್ತಿಲ್ಲ. ಅದು ಬದುಕಿರಬಹುದೇ?

ಉತ್ತರ: ಬದುಕಿರುವ ಸಾಧ್ಯತೆಯೇ ಹೆಚ್ಚು, ಮೊದಲು ಮಗನಿಗೆ ಇದನ್ನು ಹೇಳಿ. ಆರೋಗ್ಯವಾಗಿರುವ ಕಾರ್ನ್ ಸ್ನೇಕ್ ಆಹಾರವಿಲ್ಲದೆ ಕೆಲವು ವಾರ ಕಳೆಯಬಲ್ಲದು. ಅದು ಅಮೆರಿಕದ ಆಗ್ನೇಯ ಭಾಗದ್ದೇ ಹಾವು. ಅಲ್ಲಿನ ಚಳಿಗಾಲವನ್ನು ಅದರ ಪೂರ್ವಜರು ಬಿಲಗಳಲ್ಲಿ ಮುದುಡಿ ಮಲಗಿಯೇ ದಾಟಿದ್ದಾರೆ. ಒಂದೆರಡು ತಣ್ಣನೆಯ ರಾತ್ರಿಗಳಿಗೆ ಅದು ಮಂಕಾಗುತ್ತದೆಯೇ ಹೊರತು ಸಾಮಾನ್ಯವಾಗಿ ಸಾಯುವುದಿಲ್ಲ.

ನನಗೆ ಹೆದರಿಕೆಯಿರುವುದು ಬಿಸಿಲಿನ ಬಗ್ಗೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೂ ಬಿಸಿಲಿನಲ್ಲಿ ನಿಂತ, ಕಿಟಕಿ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ ತಾಪಮಾನ 50ರ ಹತ್ತಿರ ಹೋಗುತ್ತದೆ. ಅದರಲ್ಲಿ ಬಹುಪಾಲು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ. 40 ಡಿಗ್ರಿ ದಾಟಿದ ಮೇಲೆ ಹಾವು ಹೆಚ್ಚು ಹೊತ್ತು ಉಳಿಯದು. ಆದ್ದರಿಂದ ಕಾರು ಈಗ ಎಲ್ಲೇ ಇರಲಿ, ಎಂಜಿನ್ ಆನ್ ಮಾಡದೆ ತಳ್ಳಿಕೊಂಡಾದರೂ ಗ್ಯಾರೇಜಿನ ನೆರಳಿಗೆ ತನ್ನಿ. ಹಾವು ಸಿಗುವವರೆಗೆ ಆ ಕಾರನ್ನು ಓಡಿಸಲೇಬೇಡಿ. ಬ್ರೇಕ್ ಪೆಡಲಿನ ಹಿಂದೆ ಅದು ಸುತ್ತಿಕೊಂಡಿದ್ದರೆ ಅಪಾಯ ಅದಕ್ಕೂ ಉಂಟು, ನಿಮಗೂ ಉಂಟು. ಎ.ಸಿ. ಫ್ಯಾನ್ ಹಾಕಬೇಡಿ. ಸೀಟನ್ನು ಹಿಂದೆ ಮುಂದೆ ಸರಿಸಬೇಡಿ. ಸೀಟು ಜಾರುವ ಹಳಿಗಳ ನಡುವೆ ಸಿಕ್ಕಿ ಹಾವು ಜಜ್ಜಿಹೋಗಬಹುದು. ಬಾಗಿಲು ಮುಚ್ಚುವಾಗಲೂ ಅಂಚನ್ನು ಒಮ್ಮೆ ನೋಡಿ ಮೆಲ್ಲಗೆ ಮುಚ್ಚಿ.

ನೀವು ಎರಡು ದಿನ ಹುಡುಕಿದಿರಿ, ಸಿಗಲಿಲ್ಲ. ಅದು ನಿಮ್ಮ ತಪ್ಪಲ್ಲ. ಕಾರಿನ ಸೀಟನ್ನು ಕೆಳಗಿನಿಂದ ನೋಡಿದ್ದೀರಾ? ಮೇಲೆ ನುಣ್ಣಗಿರುವ ಹೊದಿಕೆ ಅಡಿಯಲ್ಲಿ ಅಲ್ಲಲ್ಲಿ ತೆರೆದೇ ಇರುತ್ತದೆ. ಸ್ಪ್ರಿಂಗು, ವೈರು, ಸ್ಪಂಜು. ಹೆಬ್ಬೆರಳು ತೂರುವ ಸಂದಿನಲ್ಲಿ ಎರಡೂವರೆ ಅಡಿಯ ಹಾವು ಸಲೀಸಾಗಿ ಒಳಸೇರುತ್ತದೆ. ಕಾರ್ನ್ ಸ್ನೇಕ್ ಮರ ಹತ್ತುವ ಜಾತಿಯೂ ಹೌದು. ನೆಲದ ಮೇಲೆ ಮಾತ್ರ ಹುಡುಕಿದರೆ ಸಾಲದು: ಸೀಟಿನ ಬೆನ್ನು, ಡ್ಯಾಶ್‌ಬೋರ್ಡಿನ ಹಿಂಬದಿ, ಗ್ಲೋವ್ ಬಾಕ್ಸಿನ ಮೇಲ್ಭಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಪಕ್ಕದ ಪ್ಲಾಸ್ಟಿಕ್ ಹಲಗೆಗಳ ಒಳಗೂ ಟಾರ್ಚ್ ಬಿಡಿ. ಮೊಬೈಲಿಗೆ ಜೋಡಿಸುವ ಸಣ್ಣ ಕೊಳವೆ ಕ್ಯಾಮೆರಾ ಸಿಕ್ಕರೆ ಬಹಳ ಉಪಯೋಗ. ಬಿಸಿಯನ್ನು ಗುರುತಿಸುವ ಥರ್ಮಲ್ ಕ್ಯಾಮೆರಾ ತರಲು ಯಾರಾದರೂ ಹೇಳಿದರೆ ದುಡ್ಡು ಹಾಕಬೇಡಿ. ಹಾವಿನ ಮೈ ಸುತ್ತಲಿನಷ್ಟೇ ಬೆಚ್ಚಗೆ ಅಥವಾ ತಣ್ಣಗೆ ಇರುವುದರಿಂದ ಆ ಕ್ಯಾಮೆರಾದಲ್ಲಿ ಅದು ಎದ್ದು ಕಾಣುವುದಿಲ್ಲ.

ಇಷ್ಟು ಮಾಡಿಯೂ ಸಿಗದಿದ್ದರೆ ಹುಡುಕಾಟ ನಿಲ್ಲಿಸಿ, ಅದು ತಾನಾಗಿ ಬರುವಂತೆ ಮಾಡಿ. ಇದರಲ್ಲಿ ನನಗೆ ಹೆಚ್ಚು ನಂಬಿಕೆ. ಹಾವಿಗೆ ಬೇಕಾದದ್ದು ಕತ್ತಲು, ಇಕ್ಕಟ್ಟು, ಬಿಸುಪು. ಈ ಮೂರನ್ನೂ ನೀವೇ ಒಂದು ಡಬ್ಬಿಯಲ್ಲಿ ಕೊಡಿ. ಶೂ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ಒಂದು ತೂತು ಮಾಡಿ, ಹಾವಿನ ಗೂಡಿನಲ್ಲಿದ್ದ ಹಳೆಯ ಹಾಸನ್ನೇ ತುಂಬಿ, ಜೊತೆಗೆ ಸ್ವಲ್ಪ ಒದ್ದೆಯಾದ ಬಟ್ಟೆಯಿಡಿ. ಗೂಡಿನ ಹೀಟ್ ಪ್ಯಾಡನ್ನು ಥರ್ಮೋಸ್ಟಾಟ್ ಸಮೇತ ತಂದು ಡಬ್ಬಿಯಡಿ ಇಟ್ಟು 30 ಡಿಗ್ರಿಗೆ ಹೊಂದಿಸಿ. ವೈರು ಹೋಗುವ ಕಿಟಕಿಯ ಸಂದಿಗೆ ಬಟ್ಟೆ ತುರುಕಿ. ಪಕ್ಕದಲ್ಲಿ ನೀರಿನ ಬಟ್ಟಲಿರಲಿ. ನಿಮ್ಮಲ್ಲಿ ಚಳಿಯಿರುವುದು ಈಗ ಅನುಕೂಲವೇ ಆಯಿತು: ಇಡೀ ಕಾರಿನಲ್ಲಿ ಬೆಚ್ಚಗಿರುವ ಜಾಗ ಅದೊಂದೇ ಆಗಿರುತ್ತದೆ. ಅದು ತಿನ್ನುವ ಇಲಿಯ ವಾಸನೆ ಬರುವಂತೆ ತೂತುಗಳಿರುವ ಇನ್ನೊಂದು ಮುಚ್ಚಿದ ಡಬ್ಬಿಯಲ್ಲಿ ಒಂದು ಸತ್ತ ಇಲಿಯನ್ನೂ ಇಡಬಹುದು. ಜೀವಂತ ಇಲಿಯನ್ನು ಬಿಡಬೇಡಿ, ಮಂಕಾಗಿರುವ ಹಾವನ್ನು ಅದು ಕಚ್ಚಿ ಗಾಯ ಮಾಡುತ್ತದೆ.

ಕಾರಿನ ನೆಲದ ತುಂಬ ಹಳೆಯ ದಿನಪತ್ರಿಕೆ ಹರಡಿ. ಸ್ನೇಹಿತರೊಬ್ಬರ ಕಾರಿನಲ್ಲಿ ಇಂಥದೇ ಹಾವು ಕಳೆದಾಗ ಮೂರನೆಯ ರಾತ್ರಿ ನಮಗೆ ನೆರವಾದದ್ದು ಆ ಕಾಗದದ ಸದ್ದು. ದೀಪ ಆರಿಸಿ ಗ್ಯಾರೇಜಿನಲ್ಲಿ ಸುಮ್ಮನೆ ಕುಳಿತಿದ್ದೆವು. ಹನ್ನೊಂದರ ಸುಮಾರಿಗೆ ಒಣ ಎಲೆಯ ಮೇಲೆ ಏನೋ ಎಳೆದಂತೆ ಸರ್ ಎಂದಿತು. ಬೆರಳಿನಿಂದ ಅರ್ಧ ಮುಚ್ಚಿದ ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಮುಂದಿನ ಸೀಟು ಮತ್ತು ಗೇರಿನ ನಡುವಿನ ಸಂದಿಯಿಂದ ಕಿತ್ತಳೆ ಬಣ್ಣದ ತಲೆಯೊಂದು ಹೊರಬಂದಿತ್ತು. ನಾಲಿಗೆ ಆಡಿಸುತ್ತ ಹತ್ತು ನಿಮಿಷ ಅಲ್ಲೇ ನಿಂತಿತು. ಯಾರೂ ಕೈ ಹಾಕಲಿಲ್ಲ. ಆಮೇಲೆ ಇಂಚಿಂಚಾಗಿ ಇಳಿದು ಡಬ್ಬಿಯ ತೂತಿನೊಳಗೆ ಬಾಲದವರೆಗೂ ಸೇರಿಕೊಂಡಿತು. ಕಾರ್ನ್ ಸ್ನೇಕ್ ಓಡಾಡುವುದು ಹೆಚ್ಚಾಗಿ ಮುಸ್ಸಂಜೆ ಮತ್ತು ರಾತ್ರಿ. ನಿಮ್ಮ ಕಾವಲೂ ಆ ಹೊತ್ತಿನಲ್ಲೇ ಇರಲಿ.

ಬಾಲ ಮಾತ್ರ ಕಂಡರೆ ಎಳೆಯಬೇಡಿ, ದಯವಿಟ್ಟು. ಹಾವು ಒಳಗೆ ಬಿಗಿಹಿಡಿದುಕೊಳ್ಳುತ್ತದೆ, ಎಳೆದಷ್ಟೂ ಬೆನ್ನೆಲುಬಿಗೆ, ಪಕ್ಕೆಲುಬಿಗೆ ಪೆಟ್ಟು. ಬಾಲವನ್ನು ಬೆರಳಿನಿಂದ ಹಗುರಾಗಿ ತಟ್ಟುತ್ತಿದ್ದರೆ ತಾನೇ ಮುಂದೆ ಸರಿಯುತ್ತದೆ. ಸೀಟು ಬಿಚ್ಚಲೇಬೇಕಾದರೆ ಮೆಕ್ಯಾನಿಕ್ ಬಿಚ್ಚಲಿ. ಅದರಡಿ ಏರ್‌ಬ್ಯಾಗಿನ ವೈರುಗಳಿರುತ್ತವೆ. ಅಂಟು ಬಲೆ, ಟೇಪು, ಹೊಗೆ, ನುಸಿಗುಳಿಗೆ, ಫಿನೈಲು ಯಾವುದೂ ಬೇಡ. ಅಂಟಿಗೆ ಸಿಕ್ಕಿದ ಹಾವಿನ ಚರ್ಮ ಕಿತ್ತು ಬರುತ್ತದೆ. ಅಕಸ್ಮಾತ್ ಹಾಗಾದರೆ ಅಡುಗೆ ಎಣ್ಣೆ ಸವರುತ್ತ ನಿಧಾನವಾಗಿ ಬಿಡಿಸಿ.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಹೆಬ್ಬಾವು, ಕೇರೆಹಾವು, ನಾಗರಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಿಮ್ಮ ಕಾರಿನಲ್ಲಿ ಹಾವು ಕಂಡರೆ ಅದು ಹೊರಗಿನಿಂದ ಬಂದದ್ದು, ಕೊಳಕುಮಂಡಲವೂ ಆಗಿರಬಹುದು. ಮೇಲೆ ಹೇಳಿದ ಯಾವುದನ್ನೂ ಮಾಡದೆ ಎಲ್ಲರೂ ಕಾರಿನಿಂದ ಇಳಿದು ದೂರ ನಿಂತು, ಅರಣ್ಯ ಇಲಾಖೆಗೆ ಅಥವಾ ತರಬೇತಿ ಪಡೆದ ಉರಗ ರಕ್ಷಕರಿಗೆ ಕರೆ ಮಾಡಿ. ಕಚ್ಚಿದ್ದರೆ ತಕ್ಷಣ 108.

ನಿಮ್ಮ ಹಾವು ಸಿಕ್ಕ ಮೇಲೆ ಮೈಮೇಲೆ ಗಾಯವಿದೆಯೇ, ಉಸಿರಾಡುವಾಗ ಸದ್ದು ಬರುತ್ತಿದೆಯೇ, ಬಾಯಲ್ಲಿ ನೊರೆಗುಳ್ಳೆ ಕಾಣುತ್ತಿದೆಯೇ ನೋಡಿ. ಇದ್ದರೆ ವೈದ್ಯರಲ್ಲಿಗೆ ಹೋಗಿ. ಇಲ್ಲದಿದ್ದರೆ ಗೂಡಿನಲ್ಲಿ ನೀರಿಟ್ಟು ನಾಲ್ಕೈದು ದಿನ ಮುಟ್ಟದೆ ಬಿಡಿ, ಆಮೇಲೆ ಊಟ ಕೊಡಿ. ಮುಂದಿನ ಪ್ರಯಾಣದಲ್ಲಿ ಬಟ್ಟೆ ಚೀಲವನ್ನು ಗಾಳಿಯಾಡುವ, ಚಿಲಕವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಇಂದು ರಾತ್ರಿ ಡಬ್ಬಿ ಸಿದ್ಧಪಡಿಸುವಾಗ ಮಗನನ್ನೂ ಜೊತೆಗೆ ಕೂರಿಸಿಕೊಳ್ಳಿ. ಗೂಡಿನಲ್ಲಿ ಅದು ಯಾವ ಮೂಲೆಯಲ್ಲಿ ಮಲಗುತ್ತದೆ, ಎಷ್ಟು ಹೊತ್ತಿಗೆ ಹೊರಬರುತ್ತದೆ ಎಂಬುದು ನಿಮ್ಮಿಬ್ಬರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ.