‘ಅದು’, ‘ಅವರು’ ಮತ್ತು ಕಲಂ 36ಎ: ಅಧ್ಯಯನ ಟಿಪ್ಪಣಿ

ಟ್ರಾನ್ಸ್‌ಜೆಂಡರ್ ಜನರನ್ನು ಏನಂತ ಕರೆಯಬೇಕು ಅನ್ನೋ ಜಗಳ ಸೋಷಿಯಲ್ ಮೀಡಿಯಾದಲ್ಲಿ ಆಗಾಗ ಏಳುತ್ತದೆ. ಮೇಲ್ನೋಟಕ್ಕೆ ವ್ಯಾಕರಣದ ಚರ್ಚೆ. ನಮ್ಮ ವಿಷಯಕ್ಕೆ ಬೇಕಾದದ್ದು ವಾದ ಮಾಡುವವರ ಧಾಟಿ.

ಮೊದಲು ಸರ್ವನಾಮ. "ಗಂಡೂ ಅಲ್ಲ, ಹೆಣ್ಣೂ ಅಲ್ಲ ಅಂದ್ರೆ ಕನ್ನಡದಲ್ಲಿ ಪದ ಎಲ್ಲಿಂದ ತರೋದು?" ಅಂತ ಕೇಳುವವರಿದ್ದಾರೆ. ಇದು ಇಂಗ್ಲಿಷಿನಿಂದ ಎರವಲು ತಂದ ತಕರಾರು. ಬಹುವಚನದ ‘ದೇ’ (they) ಪದವನ್ನು ಒಬ್ಬರಿಗೆ ಬಳಸಬಹುದಾ ಅನ್ನೋದು ಅಲ್ಲಿನ ಪ್ರಶ್ನೆ. ನಮ್ಮಲ್ಲಿ ‘ಅವರು ಬಂದರು’ ಅಂದರೆ ಗಂಡೋ ಹೆಣ್ಣೋ ಗೊತ್ತೇ ಆಗುವುದಿಲ್ಲ. ಮೇಷ್ಟ್ರಿಗೆ, ಡಾಕ್ಟರಿಗೆ ದಿನಾ ಹಾಗೇ ಹೇಳುತ್ತೇವೆ. ಆದರೂ ಕೈಗೆಟಕುವ ‘ಅವರು’ ಬಿಟ್ಟು ‘ಅದು ಬಂತು’ ಅಂತ ಬರೆಯುತ್ತಾರೆ, ಬಸ್ಸಿನ ಬಗ್ಗೆ ಹೇಳಿದ ಹಾಗೆ. (ಪುಟ್ಟ ಮಗುವಿಗೂ ‘ಅದು’ ಅಂತೀವಿ, ನಿಜ. ಅಲ್ಲಿರೋದು ಮುದ್ದು. ಇಲ್ಲಿ ಆ ಮುದ್ದು ಕಾಣುತ್ತಾ?)

ಹಾಗಂತ ‘ಅವರು’ ಅಂದುಬಿಟ್ಟರೆ ಮುಗಿಯಲಿಲ್ಲ. ಮಿಕ್ಕ ಗೆಳತಿಯರಿಗೆಲ್ಲ ‘ಅವಳು’ ಅಂದು, ಟ್ರಾನ್ಸ್ ಗೆಳತಿಗೆ ಮಾತ್ರ ‘ಅವರು’ ಅಂದರೆ ಅವಳನ್ನು ದೂರ ಇಟ್ಟ ಹಾಗೇ ಅಲ್ವಾ?

ಇನ್ನು ಹೆಸರುಗಳು. ‘ಹಿಜಡಾ’ ಅನ್ನೋದು ಗುರು-ಚೇಲಾ ಸಂಬಂಧವಿರುವ ಒಂದು ಸಮುದಾಯ ತನ್ನನ್ನು ಕರೆದುಕೊಳ್ಳುವ ಪದ. ಅದನ್ನೇ ಗಂಡಸರು ಒಬ್ಬರನ್ನೊಬ್ಬರು ಹೀಯಾಳಿಸಲು ಬಳಸುತ್ತಾರೆ. ‘ಜೋಗತಿ’ ಯಲ್ಲಮ್ಮನ ಭಕ್ತಿಯ ಪರಂಪರೆಗೆ ಸೇರಿದ್ದು. ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದದ್ದು ಅದೇ ಹೆಸರಲ್ಲಿ. "ಅವರೇ ಅಂದ್ಕೋತಾರೆ, ನಾವಂದ್ರೆ ಏನು ತಪ್ಪು?" ಅನ್ನುವವರು, ಯಾರು ಯಾವ ದನಿಯಲ್ಲಿ ಅನ್ನುತ್ತಾರೆ ಅನ್ನೋದನ್ನು ಸುಮ್ನೆ ಮರೆತುಬಿಡುತ್ತಾರೆ.

ಪರೀಕ್ಷೆಗೆ ಜಾಸ್ತಿ ಉಪಯೋಗವಾಗುವುದು ಕಾನೂನಿನ ಉದಾಹರಣೆ. ಬ್ರಿಟಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಇಂಥವರಿಗೆ ‘ಯೂನಕ್’ (ನಪುಂಸಕ) ಎಂದು ಹೆಸರಿಟ್ಟು, ಅಪರಾಧದ ಅನುಮಾನ ಬಂದವರ ಹೆಸರು, ವಿಳಾಸ ಬರೆದಿಡಲು ರಿಜಿಸ್ಟರ್ ತೆರೆದರು. ಅದೇ ಪದ, ಅದೇ ರಿಜಿಸ್ಟರು 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 36ಎ ಆಗಿ ವಾಪಸ್ ಬಂತು. ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಒಪ್ಪಿದ್ದು 2014ರಲ್ಲಿ. ಆಮೇಲೂ ಆ ಪದ ಕಲಮಿನಲ್ಲಿ ಉಳಿದಿತ್ತು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ‘ಯೂನಕ್’ ಜಾಗಕ್ಕೆ ‘ವ್ಯಕ್ತಿ’ ಬಂತು. ಕಲಂ ಮಾತ್ರ ತೆಗೆಯಲಿಲ್ಲ. ಪದ ಬದಲಾದರೆ ಸಾಕೇ ಎಂಬ ಪ್ರಶ್ನೆ ಬಂದರೆ ಇದನ್ನೇ ಬರೆಯಿರಿ.