ಕೊಳದ ಕದನದಲ್ಲಿ ಸಣ್ಣ ಹಡಗುಗಳು ಯಾಕೆ ಕಡಿಮೆ?

ರಿಮೋಟ್‌ನಲ್ಲಿ ಓಡುವ ಮಾದರಿ ಯುದ್ಧನೌಕೆಗಳು ಒಂದಕ್ಕೊಂದು ನಿಜವಾಗಿಯೂ ಗುಂಡು ಹೊಡೆಯುತ್ತವೆ, ನಿಜವಾಗಿಯೂ ಮುಳುಗುತ್ತವೆ. ಮಂಗಳೂರು, ಉಡುಪಿ ಕಡೆ ಈ ಆಟದ ಬಗ್ಗೆ ಹೇಳಿದರೆ ಮೊದಲು ಬರುವ ಪ್ರಶ್ನೆ, ‘ಒಟ್ಟಿಗೆ ಎಷ್ಟು ಹಡಗು ಇಳಿಸ್ತಾರೆ?’ ಬೋಟು ನೋಡಿ ಬೆಳೆದವರು ಕೇಳಬೇಕಾದ ಪ್ರಶ್ನೆಯೇ ಅದು. ಈ ಹವ್ಯಾಸದ ಅರ್ಧ ಇತಿಹಾಸ ಅದರ ಉತ್ತರದಲ್ಲಿದೆ.

ಆಟ ಶುರುವಾದದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಇಪ್ಪತ್ತನೇ ಶತಮಾನದ ಆರಂಭದಿಂದ ಎರಡನೇ ಮಹಾಯುದ್ಧದವರೆಗಿನ ಹಡಗುಗಳನ್ನು 144ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟುತ್ತಾರೆ. ಒಡಲು ಸಾಮಾನ್ಯವಾಗಿ ಫೈಬರ್‌ನದು. ಅದರ ಪಕ್ಕದಲ್ಲಿ ಕಿಟಕಿಗಳ ಹಾಗೆ ಕೊರೆದು, ಮೇಲೆ ತೆಳು ಬಾಲ್ಸಾ ಮರ ಅಂಟಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ನಿಯಮದಲ್ಲಿ ಆ ಮರದ ದಪ್ಪ ಸುಮಾರು 0.8 ಮಿ.ಮೀ. ಕಾರ್ಬನ್ ಡೈಆಕ್ಸೈಡ್ ಒತ್ತಡದಿಂದ 4.5 ಮಿ.ಮೀ. ಉಕ್ಕಿನ ಗುಂಡು ಹಾರಿ ಬಂದು ಅದನ್ನು ತೂತು ಮಾಡುತ್ತದೆ. ನೀರಿನ ಗೆರೆಗಿಂತ ಮೇಲಿನ ತೂತಿಗೆ 10 ಅಂಕ, ಸರಿಯಾಗಿ ಗೆರೆಗೇ ಬಿದ್ದರೆ 25, ಕೆಳಗಾದರೆ 50. ಒಳಗೆ ಬಂದ ನೀರನ್ನು ಪಂಪು ಹೊರಗೆ ಹಾಕುತ್ತಲೇ ಇರುತ್ತದೆ. ಅದು ಸೋತರೆ ಹಡಗು ತಳ ಸೇರಿತು ಅಂತಲೇ ಲೆಕ್ಕ.

ಮೊದಲು ಹಡಗುಗಳ ಸಂಖ್ಯೆಗೆ ಕಟ್ಟು ಹಾಕಿದ್ದು ರೇಡಿಯೋ. ಹಳೆಯ ಸೆಟ್‌ಗಳಲ್ಲಿ ಒಂದೊಂದು ಹಡಗಿಗೂ ಬೇರೆಯೇ ಚಾನೆಲ್ ಬೇಕಿತ್ತು. 27 ಮೆಗಾಹರ್ಟ್ಸ್‌ನಲ್ಲಿ ಇದ್ದದ್ದು ಆರೇ ಚಾನೆಲ್. ಇಬ್ಬರು ಒಂದೇ ಚಾನೆಲ್ ತಂದರೆ ಒಬ್ಬರು ದಡದಲ್ಲೇ ಕೂರಬೇಕು. ಅಮೆರಿಕದಲ್ಲಿ 75 ಮೆಗಾಹರ್ಟ್ಸ್ ಬಂದ ಮೇಲೆ ಜಾಗ ಜಾಸ್ತಿಯಾಯಿತು. 2000ದ ದಶಕದಲ್ಲಿ 2.4 ಗಿಗಾಹರ್ಟ್ಸ್ ಸೆಟ್‌ಗಳು ಬಂದ ಮೇಲಂತೂ ಈ ತಲೆನೋವೇ ಹೋಯಿತು. ಅದರ ಸಿಗ್ನಲ್ ನೀರಿನೊಳಗೆ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಆಂಟೆನಾ ಮೇಲೆ ಇಟ್ಟರಾಯಿತು, ಅಷ್ಟೇ.

ಇನ್ನೊಂದು ಮಿತಿ ತೂಕದ್ದು. ಅದು ಇವತ್ತಿಗೂ ಬಿಟ್ಟಿಲ್ಲ. ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಇದು. ಉದ್ದ, ಅಗಲ, ಎತ್ತರ ಮೂರೂ 144 ಪಾಲು ಕಡಿಮೆಯಾದರೆ ತೂಕ ಸುಮಾರು 30 ಲಕ್ಷ ಪಾಲು ಇಳಿಯುತ್ತದೆ. ಜರ್ಮನಿಯ ಬ್ಯಾಟಲ್‌ಶಿಪ್ (ದೊಡ್ಡ ಫಿರಂಗಿಗಳ ಭಾರೀ ಯುದ್ಧನೌಕೆ), 50,000 ಟನ್ನಿನ ಬಿಸ್ಮಾರ್ಕ್ ಮಾದರಿಯಲ್ಲಿ 16–17 ಕೆಜಿ ತೂಗುತ್ತದೆ, ಉದ್ದ ಒಂದೂ ಮುಕ್ಕಾಲು ಮೀಟರ್. ಬ್ಯಾಟರಿ, ಮೋಟರು, ಪಂಪು, ಗ್ಯಾಸ್ ಬಾಟಲಿ, ಬಂದೂಕು ಎಲ್ಲವೂ ಆರಾಮಾಗಿ ಹಿಡಿಸುತ್ತವೆ. 2,000 ಟನ್ನಿನ ಡೆಸ್ಟ್ರಾಯರ್, ಅಂದರೆ ಸಣ್ಣ, ವೇಗದ ಯುದ್ಧನೌಕೆ? ಮುಕ್ಕಾಲು ಕೆಜಿಯೂ ಬರುವುದಿಲ್ಲ. ಒಡಲಿನ ತೂಕವೂ ಸೇರಿ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಆ ಕಾಲದ ನಿಜವಾದ ನೌಕಾಪಡೆಗಳಲ್ಲಿ ಡೆಸ್ಟ್ರಾಯರ್‌ಗಳೇ ಜಾಸ್ತಿ ಇದ್ದವು, ಬ್ಯಾಟಲ್‌ಶಿಪ್ ಬೆರಳೆಣಿಕೆಯಷ್ಟು. ಕೊಳದಲ್ಲಿ ಆ ಲೆಕ್ಕ ತಲೆಕೆಳಗು. ದೊಡ್ಡ ಹಡಗಿಗೆ ನಿಯಮದಲ್ಲಿ ಬಂದೂಕೂ ಹೆಚ್ಚು ಸಿಗುತ್ತದೆ, ಮತ್ತೆ ಸಣ್ಣದನ್ನು ಕಟ್ಟುವವರು ಯಾರು?

ಜನರ ವಿಷಯಕ್ಕೆ ಬಂದರೆ, ನಿಯಮದ ಜಗಳ ಗುಂಪುಗಳನ್ನು ಹಂಚಿಹಾಕಿತು. ಗುಂಡಿನ ಗಾತ್ರವೂ ಮರದ ದಪ್ಪವೂ ಅಸಲಿ ಹಡಗಿನ ಫಿರಂಗಿ, ಕವಚಕ್ಕೆ ತಕ್ಕಂತೆ ಇರಬೇಕು ಎಂದವರು ‘ಬಿಗ್ ಗನ್’ ಆದರು. ಎಲ್ಲರಿಗೂ ಒಂದೇ ಗುಂಡು, ವೇಗದ ಆಟ ಎಂದವರು ‘ಫಾಸ್ಟ್ ಗನ್’. ಒಬ್ಬರ ಹಡಗು ಇನ್ನೊಬ್ಬರ ಕೊಳದಲ್ಲಿ ಸುಮ್ನೆ ಇಳಿಸುವ ಹಾಗಿಲ್ಲ. ಒಂದು ಹಡಗು ಕಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಮೇಲಾಗಿ ಒಂದು ಕದನದಲ್ಲಿ ಎದುರುಬದುರು ನಿಲ್ಲುವ ಎರಡೂ ಬಣಕ್ಕೆ ಸಮನಾಗಿ ಹಡಗು ಬೇಕು. ಹೊಸಬನೊಬ್ಬ ತನ್ನ ಮೊದಲ ಹಡಗು ನೀರಿಗಿಳಿಯುವ ಮುಂಚೆಯೇ ಆಟ ಕೈಬಿಟ್ಟರೆ ಒಬ್ಬ ಆಟಗಾರ ಮಾತ್ರವಲ್ಲ, ಆ ಸಮತೋಲವೂ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಇದು ಆಗುತ್ತದಾ? ಪಣಂಬೂರಿನ ಅಲೆಯಲ್ಲಿ ಆಗದು. ಉಪ್ಪುನೀರು ಮೋಟರನ್ನು ಹಾಳು ಮಾಡುತ್ತದೆ, ಮುಳುಗಿದ್ದನ್ನು ಎತ್ತಲೂ ಆಗುವುದಿಲ್ಲ. ಸೊಂಟದ ತನಕ ನೀರಿರುವ ಸಿಹಿನೀರಿನ ಕೆರೆ ಬೇಕು. ಆಡುವವರು, ನೋಡುವವರು ಎಲ್ಲರ ಕಣ್ಣಿಗೂ ಕನ್ನಡಕ ಬೇಕೇ ಬೇಕು. ಫೈಬರ್ ಕೆಲಸ ಗೊತ್ತಿರುವ ಕೈಗಳು ಮಲ್ಪೆಯಲ್ಲಿ ಬೇಕಾದಷ್ಟಿವೆ.

ನಮಗೆ ಹತ್ತಿರದ ಹಡಗೂ ಒಂದಿದೆ. ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ 1957ರಲ್ಲಿ ಐಎನ್‌ಎಸ್ ಮೈಸೂರು ಆಯಿತು. ಎರಡನೇ ಮಹಾಯುದ್ಧದಲ್ಲಿ ಕಾದಾಡಿದ ಕ್ರೂಸರ್ (ಡೆಸ್ಟ್ರಾಯರ್‌ಗಿಂತ ದೊಡ್ಡದು, ಬ್ಯಾಟಲ್‌ಶಿಪ್‌ಗಿಂತ ಸಣ್ಣದು) ಅದು, ಕಾಲದ ಲೆಕ್ಕದಲ್ಲಿ ಆಟಕ್ಕೆ ಸಲ್ಲುತ್ತದೆ. ಮಾದರಿಯಲ್ಲಿ ಉದ್ದ ಸುಮಾರು 1.18 ಮೀಟರ್, ತೂಕ ಮೂರೂವರೆ ಕೆಜಿ ಆಸುಪಾಸು. ಅದನ್ನೇ ಕಟ್ಟಬೇಕು ಅಂತ ನನಗೂ ಆಸೆ. ಆದರೆ ಹೊಸಬರಿಗೆ ನಾನು ಹೇಳುವುದು ಬೇರೆ: ಮೊದಲು ಅಗಲ ಹೊಟ್ಟೆಯ ನಿಧಾನದ ಬ್ಯಾಟಲ್‌ಶಿಪ್ ಕಟ್ಟಿ, ಮೈಸೂರು ಎರಡನೆಯದಾಗಿರಲಿ.